ಜನರಲ್ ತಿಮ್ಮಯ್ಯ: ಅಧಿಕಾರ ಕೈಯಲ್ಲಿದ್ದಾಗಿನ ಔದಾರ್ಯ

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳ ಯುವಕರು ಹಾಗೂ ಪಾಲಕರು ಕೊಟ್ಟೂರಿನಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



 

ಯುದ್ಧಗಳನ್ನು ಕಂಡು ಬಂದ ಓರ್ವ ಉದಾರ ಮನಸ್ಸಿನ, ಸ್ವತಂತ್ರ ಸ್ವಭಾವದ ಸೈನಿಕನ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡರು. ನಾನು ಆರಿಸಿಕೊಂಡಿರುವುದು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರನ್ನು. ಅವರು ಈ ಐದು ಊರುಗಳ ಪೈಕಿ ಯಾವುದಕ್ಕೂ ಸೇರಿದವರಲ್ಲ, ಮಡಿಕೇರಿಯವರು. ಮುಸ್ಲಿಮರೂ ಅಲ್ಲ. ಹಾಗಿರುವಾಗ ಮುಸ್ಲಿಮ್ ಕುಟುಂಬಗಳೇ ಹೆಚ್ಚಾಗಿ ಸೇರಿರುವ ಈ ಸಭೆಯಲ್ಲಿ ಅವರ ಪ್ರಸ್ತಾಪವೇಕೆ ಎಂದು ಕೆಲವರಿಗಾದರೂ ಅನಿಸಬಹುದು. ನಾನು ಮೊದಲು ಉತ್ತರಿಸಬೇಕಾದುದು ಆ ಪ್ರಶ್ನೆಗೇ.

ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲಿ ಒಂದು ಅಭ್ಯಾಸ ಬೆಳೆದಿದೆ. ದೇಶಕ್ಕೆ ನಿಮ್ಮ ಕೊಡುಗೆಯೇನು ಎಂದು ಯಾರಾದರೂ ಕೇಳಿದರೆ ನಾವು ಕೂಡಲೇ ಹವಾಲ್ದಾರ್ ಅಬ್ದುಲ್ ಹಮೀದರ ಹೆಸರನ್ನು, ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನರ ಹೆಸರನ್ನು ಮುಂದಿಡುತ್ತೇವೆ, ಗುರುತಿನ ಚೀಟಿ ತೋರಿಸಿದ ಹಾಗೆ. ಅತ್ತ ಕಾರಿಯಪ್ಪ, ತಿಮ್ಮಯ್ಯರ ಹೆಸರುಗಳನ್ನು ಬೇರೆಯವರ ಪಾಲಿಗೆ ಬಿಟ್ಟುಬಿಡುತ್ತೇವೆ. ಹೀಗೆ ಪಾಲು ಹಂಚಿಕೊಂಡ ನೆನಪಿನಿಂದ ಎರಡು ನಷ್ಟಗಳಾಗುತ್ತವೆ. ಬದುಕಿದ್ದಾಗ ಯಾರ ಮುಂದೆಯೂ ತನ್ನನ್ನು ಸಾಬೀತುಪಡಿಸಿಕೊಳ್ಳಲು ಹೋಗದ ಉಸ್ಮಾನರಂಥ ವ್ಯಕ್ತಿ ಸತ್ತ ಮೇಲೆ ಒಂದು ಪ್ರಮಾಣಪತ್ರವಾಗಿಬಿಡುತ್ತಾರೆ. ತಿಮ್ಮಯ್ಯನವರಂಥವರ ಬದುಕಿನಿಂದ ನಾವು ಕಲಿಯಬಹುದಾದ ಪಾಠವು ನಮ್ಮ ಮಕ್ಕಳಿಗೆ ತಲುಪುವುದೇ ಇಲ್ಲ.

ಆ ಪಾಠ ಯಾವುದು? ಔದಾರ್ಯವೆಂದರೆ ಕೈಯೆತ್ತಿ ದಾನ ಕೊಡುವುದು ಎಂದಷ್ಟೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಇನ್ನೊಬ್ಬರ ಬದುಕು ನಮ್ಮ ಹಿಡಿತದಲ್ಲಿರುವಾಗ ಅವರ ಇಚ್ಛೆಯನ್ನು ಹಿಸುಕದೆ ಉಳಿಸುವುದು ಅದಕ್ಕಿಂತ ಕಠಿಣವಾದ ಔದಾರ್ಯವಾಗಿದೆ. ತಿಮ್ಮಯ್ಯನವರು ತಮ್ಮ ಜೀವನದುದ್ದಕ್ಕೂ ಅಧಿಕಾರದ ಸ್ಥಾನದಲ್ಲಿದ್ದರು, ಅವರ ಹಿಂದೆ ಬಂದೂಕುಗಳಿದ್ದವು. ಅಂಥ ಮನುಷ್ಯನು ದುರ್ಬಲರೊಂದಿಗೆ ಹೇಗೆ ನಡೆದುಕೊಂಡನು ಎಂಬುದನ್ನು ನೋಡುವುದೇ ಇಂದಿನ ನನ್ನ ಉದ್ದೇಶ.

ಸಮವಸ್ತ್ರದೊಳಗಿನ ಸ್ವತಂತ್ರ ಮನಸ್ಸು

ತಿಮ್ಮಯ್ಯನವರು 1906ರ ಮಾರ್ಚ್‌ನಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಕೂನೂರು, ಬೆಂಗಳೂರುಗಳಲ್ಲಿ ಶಾಲೆ ಓದಿ, ಡೆಹ್ರಾಡೂನಿನ ಸೈನಿಕ ಕಾಲೇಜಿನ ಮೂಲಕ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋದರು. 1926ರಲ್ಲಿ ಸೇನಾಧಿಕಾರಿಯಾದರು. ಅಂದಿನ ಸೇನೆಯಲ್ಲಿ ಭಾರತೀಯ ಅಧಿಕಾರಿಗಳು ಬೆರಳೆಣಿಕೆಯಷ್ಟು. ಬ್ರಿಟಿಷರ ನಡುವೆ ಅವರು ಪರಕೀಯರು, ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಸ್ವದೇಶೀಯರ ಕಣ್ಣಿನಲ್ಲಿ ಬ್ರಿಟಿಷರ ಆಳುಗಳು.

ಅವರ ಸ್ವಭಾವವನ್ನು ತೋರಿಸುವ ಪ್ರಸಿದ್ಧ ಪ್ರಸಂಗವೊಂದಿದೆ. ಅಲಹಾಬಾದಿನ ಚಿತ್ರಮಂದಿರವೊಂದರಲ್ಲಿ ಹಿರಿಯರೊಬ್ಬರು ಈ ತರುಣ ಅಧಿಕಾರಿಯ ಹತ್ತಿರ ಬಂದು, ಬ್ರಿಟಿಷರ ಸಮವಸ್ತ್ರ ತೊಟ್ಟರೆ ಹೇಗನಿಸುತ್ತದೆ ಎಂದು ಚುಚ್ಚಿ ಕೇಳಿದರಂತೆ. ತಿಮ್ಮಯ್ಯನವರು ಒಂದೇ ಮಾತಿನಲ್ಲಿ, ಸೆಖೆಯಾಗುತ್ತದೆ ಎಂದರಂತೆ. ಕೇಳಿದವರು ಮೋತಿಲಾಲ್ ನೆಹರೂ! ಆ ಉತ್ತರದಿಂದ ಅವರು ಮುನಿಸಿಕೊಳ್ಳಲಿಲ್ಲ, ಇಬ್ಬರ ನಡುವೆ ಪರಿಚಯ ಬೆಳೆಯಿತು. ಸೇನೆಯನ್ನು ಬಿಟ್ಟುಬಿಡಲೇ ಎಂಬ ಗೊಂದಲದಲ್ಲಿದ್ದ ತರುಣನಿಗೆ, ಬಿಡಬೇಡ, ಸ್ವತಂತ್ರ ದೇಶಕ್ಕೆ ತರಬೇತಿ ಪಡೆದ ಸೇನಾಧಿಕಾರಿಗಳು ಬೇಕಾಗುತ್ತಾರೆ ಎಂಬ ಸಲಹೆ ಆ ಹಿರಿಯರಿಂದಲೇ ದೊರೆಯಿತು.

1935ರ ಜನವರಿಯಲ್ಲಿ ಅವರು ನೀನಾ ಎಂಬವರನ್ನು ವಿವಾಹವಾದರು. ದಂಪತಿಗಳು ಹೋಗಿ ನೆಲೆಸಿದ್ದು ಇಂದು ಪಾಕಿಸ್ತಾನದಲ್ಲಿರುವ ಕ್ವೆಟ್ಟಾ ನಗರದಲ್ಲಿ. ಅದೇ ವರ್ಷ ಮೇ 31ರ ಬೆಳಗಿನ ಜಾವ ಭೂಕಂಪವಾಗಿ ಆ ನಗರವೇ ಮಣ್ಣುಪಾಲಾಯಿತು, ಹತ್ತಾರು ಸಾವಿರ ಜನರು ಸತ್ತರು. ಮದುವೆಯಾಗಿ ಕೆಲವೇ ತಿಂಗಳಾಗಿದ್ದ ಈ ದಂಪತಿಗಳು ಸಂತ್ರಸ್ತರ ಸೇವೆಯಲ್ಲಿ ತೊಡಗಿದರು. ಆ ಸೇವೆಗಾಗಿ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ದೊರೆಯಿತು. ಅವಶೇಷಗಳ ಅಡಿಯಲ್ಲಿದ್ದವರು ಬಲೂಚಿಗಳು, ಪಠಾಣರು, ಪಂಜಾಬಿಗಳು, ಸಿಂಧಿ ವ್ಯಾಪಾರಿಗಳು. ಕೊಡಗಿನ ದಂಪತಿಗೆ ಅವರೆಲ್ಲರೂ ಅಪರಿಚಿತರೇ.

ಒಂದೇ ಮನೆಯ ಇಬ್ಬರು

ಎರಡನೆಯ ಮಹಾಯುದ್ಧದಲ್ಲಿ ತಿಮ್ಮಯ್ಯನವರು ಬರ್ಮಾದ ಅರಾಕಾನ್ ಕಡೆಯಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. 1945ರ ಜನವರಿಯಲ್ಲಿ ಕಾಂಗಾವ್ ಎಂಬಲ್ಲಿ ಘೋರವಾದ ಕದನ ನಡೆಯಿತು. ಅಲ್ಲಿ ಮೂರು ಬೆಟಾಲಿಯನ್‌ಗಳನ್ನು ಮುನ್ನಡೆಸಿದವರು ಮೂವರು ಭಾರತೀಯರು: ತಿಮ್ಮಯ್ಯ, ಥೋರಟ್ ಮತ್ತು ಸೇನ್. ಮೂವರಿಗೂ ಶೌರ್ಯಕ್ಕಾಗಿ ಡಿ.ಎಸ್.ಒ. ಪದಕ ಬಂತು. ಆ ಯುದ್ಧದಲ್ಲಿ ರಣರಂಗದಲ್ಲಿ ಬ್ರಿಗೇಡೊಂದನ್ನು ನಡೆಸಿದ ಏಕೈಕ ಭಾರತೀಯರೆಂಬ ಗೌರವವೂ ತಿಮ್ಮಯ್ಯನವರದ್ದೇ.

ಆದರೆ ಅವರ ಅಣ್ಣ ಪೊನ್ನಪ್ಪನವರು ಎದುರು ಬದಿಯಲ್ಲಿದ್ದರು. ಸಿಂಗಪುರದ ಪತನದ ನಂತರ ಅವರು ಆಜಾದ್ ಹಿಂದ್ ಫೌಜಿಗೆ ಸೇರಿದ್ದರು. ಒಂದೇ ತಾಯಿಯ ಮಕ್ಕಳು, ಇಬ್ಬರೂ ಭಾರತದ ಬಿಡುಗಡೆಯನ್ನು ಬಯಸಿದವರು, ಇಬ್ಬರು ಹಿಡಿದ ದಾರಿ ಬೇರೆ. ಇವರಲ್ಲಿ ದೇಶಪ್ರೇಮಿ ಯಾರು, ದ್ರೋಹಿ ಯಾರು? ಒಂದೇ ಅಳತೆಗೋಲಿನಿಂದ ಎಲ್ಲರ ನಿಷ್ಠೆಯನ್ನು ಅಳೆಯ ಹೊರಡುವವರು ಈ ಮನೆಯ ಮುಂದೆ ಸ್ವಲ್ಪ ನಿಂತು ಯೋಚಿಸಬೇಕು.

1947 ಮತ್ತು 1948

ಇನ್ನು ನಾವು ಮರೆಯಬಯಸುವ, ಆದರೆ ಮರೆಯಬಾರದ ವರ್ಷಕ್ಕೆ ಬರೋಣ. 1947ರ ಆಗಸ್ಟ್ 1ರಂದು ಪಂಜಾಬಿನ ಹನ್ನೆರಡು ಜಿಲ್ಲೆಗಳನ್ನು ಕಾಯಲು ಪಂಜಾಬ್ ಗಡಿ ಪಡೆಯನ್ನು ರಚಿಸಲಾಯಿತು. ಬ್ರಿಟಿಷ್ ದಂಡನಾಯಕನಿಗೆ ಸಲಹೆ ನೀಡಲು ಎರಡೂ ಕಡೆಯ ಅಧಿಕಾರಿಗಳಿದ್ದರು. ಭಾರತದ ಪರವಾಗಿದ್ದವರಲ್ಲಿ ತಿಮ್ಮಯ್ಯ ಒಬ್ಬರು, ಪಾಕಿಸ್ತಾನದ ಪರವಾಗಿದ್ದವರಲ್ಲಿ ಅಯೂಬ್ ಖಾನ್ ಒಬ್ಬರು. ಹತ್ಯೆಗಳ ಪ್ರವಾಹವನ್ನು ತಡೆಯಲು ಆ ಪಡೆಗೆ ಸಾಧ್ಯವಾಗಲಿಲ್ಲ. ಒಂದೇ ತಿಂಗಳಿನಲ್ಲಿ ಅದನ್ನು ವಿಸರ್ಜಿಸಲಾಯಿತು. ಆ ಬಳಿಕ ಪೂರ್ವ ಪಂಜಾಬಿನ ಹೊಣೆ ಹೊತ್ತ 4ನೇ ಡಿವಿಷನ್ ತಿಮ್ಮಯ್ಯನವರ ಕೈಗೆ ಬಂತು.

ಅಂದಿನ ಪಂಜಾಬಿನಲ್ಲಿ ಆ ಹೊಣೆಯ ಅರ್ಥವೇನಾಗಿತ್ತು? ಅತ್ತಲಿಂದ ಬರುವ ಹಿಂದೂ, ಸಿಖ್ ನಿರಾಶ್ರಿತರನ್ನು ಸುರಕ್ಷಿತವಾಗಿ ಒಳಗೆ ತರುವುದು. ಇತ್ತಲಿಂದ ಹೊರಟ ಮುಸ್ಲಿಮರ ಕಾಲ್ನಡಿಗೆಯ ಸಾಲುಗಳನ್ನು, ರೈಲುಗಳನ್ನು ಕಾದು ಗಡಿ ದಾಟಿಸುವುದು. ಒಟ್ಟು ಒಂದು ಕೋಟಿಗೂ ಮಿಕ್ಕ ಜನರು ಆಗ ಮನೆಮಾರು ಬಿಟ್ಟರು. ಕಾವಲಿಗಿದ್ದ ಎಷ್ಟೋ ಸಿಪಾಯಿಗಳ ಸ್ವಂತ ಮನೆಗಳೇ ಗಡಿಯಾಚೆ ಉರಿದುಹೋಗಿದ್ದವು. ಅಂಥ ಸಿಪಾಯಿಗೆ, ಈ ಸಾಲಿನಲ್ಲಿ ನಡೆಯುತ್ತಿರುವ ಮುದುಕಿಯ ಜೀವವು ನಿನ್ನ ಹೊಣೆ ಎಂದು ಹೇಳುವುದು, ಹೇಳಿ ಪಾಲಿಸುವಂತೆ ಮಾಡುವುದು ಸುಲಭದ ಕೆಲಸವಲ್ಲ. ಸೇನೆಯ ಶಿಸ್ತು ಆಗ ನೂರಕ್ಕೆ ನೂರು ಉಳಿಯಿತೆಂದು ಯಾರೂ ಹೇಳಲಾರರು. ಆದರೂ ಗಡಿ ದಾಟಿ ಬದುಕಿದ ಲಕ್ಷಾಂತರ ಜನರು ಇಂಥ ಕಾವಲಿನಿಂದಾಗಿಯೇ ಬದುಕಿದರು.

1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಅವರ ಚಿತಾಭಸ್ಮದ ಒಂದಂಶವು ನಮ್ಮ ಕೂಡ್ಲಿಗಿಗೂ ಬಂತು. ಅದನ್ನಿರಿಸಿದ ಸ್ಮಾರಕವು ಇಂದಿಗೂ ಅಲ್ಲಿದೆ. ಹಿಂದೂ-ಮುಸ್ಲಿಮ್ ಸೌಹಾರ್ದಕ್ಕಾಗಿ ಪ್ರಾಣ ಕೊಟ್ಟವರ ಬೂದಿಯನ್ನು ಈ ನಾಡಿನ ಜನರು ತಮ್ಮ ಊರಿಗೆ ತಂದು ಕಾಯ್ದುಕೊಂಡರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಅದೇ ಕಾಲದಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ದಕ್ಷಿಣದಲ್ಲಿ, ನೌಶೇರಾದಲ್ಲಿ, ಬ್ರಿಗೇಡಿಯರ್ ಉಸ್ಮಾನರಿದ್ದರು. ಅವರ ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಿಗೆ ಹೋದಾಗ ಅವರು ಭಾರತದಲ್ಲಿಯೇ ಉಳಿದಿದ್ದರು. ಕೈತಪ್ಪಿದ ಝಂಗಡ್ ಮರಳಿ ಸಿಗುವ ತನಕ ಮಂಚದ ಮೇಲೆ ಮಲಗುವುದಿಲ್ಲವೆಂದು ಶಪಥ ಮಾಡಿ, 1948ರ ಮಾರ್ಚ್ 18ರಂದು ಅದನ್ನು ಮರಳಿ ಪಡೆದರು. ಜುಲೈ 3ರಂದು ಅಲ್ಲಿಯೇ ಶೆಲ್ ತಗುಲಿ ಮರಣ ಹೊಂದಿದರು. ಆಗ ಅವರಿಗೆ 36 ವರ್ಷವೂ ತುಂಬಿರಲಿಲ್ಲ. ಅವಿವಾಹಿತರಾಗಿದ್ದ ಅವರು ತಮ್ಮ ಸಂಬಳದ ದೊಡ್ಡ ಭಾಗವನ್ನು ಬಡ ಮಕ್ಕಳ ಪಾಲನೆಗೆ ಕೊಡುತ್ತಿದ್ದರು. ನೌಶೇರಾದ ಅನಾಥ ಹುಡುಗರನ್ನು ಒಟ್ಟುಗೂಡಿಸಿ 'ಬಾಲಕ ಸೇನೆ' ಎಂದು ಕರೆದು ಅವರಿಗೆ ಅನ್ನ, ಅಕ್ಷರ, ಶಿಸ್ತುಗಳನ್ನು ಒದಗಿಸಿದರು. ದೆಹಲಿಯ ಜಾಮಿಅ ಮಿಲ್ಲಿಯ್ಯದ ಬಳಿ ಅವರ ಸಮಾಧಿಯಿದೆ. 2020ರ ಡಿಸೆಂಬರ್‌ನಲ್ಲಿ ಆ ಸಮಾಧಿ ಹಾನಿಗೊಂಡಿರುವುದು ಕಂಡುಬಂದಾಗ ಅದನ್ನು ದುರಸ್ತಿ ಮಾಡಿಸಿದ್ದು ಸೇನೆಯೇ. ಸತ್ತ ಯೋಧನನ್ನು ತನ್ನವನೆಂದು ತಿಳಿಯಲು ಸೇನೆಗೆ ಆತನ ಧರ್ಮವನ್ನು ವಿಚಾರಿಸಬೇಕಾಗಲಿಲ್ಲ.

ಉತ್ತರದಲ್ಲಿ, ಶ್ರೀನಗರದ ಕಡೆ, 1948ರ ಮೇ ತಿಂಗಳಿನಿಂದ ತಿಮ್ಮಯ್ಯನವರಿದ್ದರು. ಲೇಹ್ ಪಟ್ಟಣವು ಕೈಬಿಡುವ ಸ್ಥಿತಿಯಲ್ಲಿದ್ದಾಗ ವಾಯುಪಡೆಯ ಮೆಹರ್ ಸಿಂಗರೊಂದಿಗೆ ಹಿಮಾಲಯದ ಮೇಲೆ ಹಾರಿ ಅಲ್ಲಿಗೆ ತಲುಪಿದ ಮೊದಲ ವಿಮಾನದಲ್ಲಿ ಅವರೂ ಕುಳಿತಿದ್ದರು. ನವೆಂಬರ್ 1ರಂದು ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಬರಬಹುದೆಂದು ಎದುರಾಳಿಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ಮುಂಚೂಣಿಯ ಟ್ಯಾಂಕಿನಲ್ಲಿ ಮೇಜರ್ ಜನರಲ್ ತಿಮ್ಮಯ್ಯನವರೇ ಇದ್ದರು. ಆ ತಿಂಗಳೊಳಗೆ ದ್ರಾಸ್, ಕಾರ್ಗಿಲ್‌ಗಳು ಕೈಸೇರಿ ಲೇಹ್‌ಗೆ ದಾರಿ ತೆರೆಯಿತು. ತಾನು ಹೋಗಲು ಸಿದ್ಧನಿಲ್ಲದ ಜಾಗಕ್ಕೆ ಅವರು ಸಿಪಾಯಿಯನ್ನು ಕಳುಹಿಸುತ್ತಿರಲಿಲ್ಲ. ಇದೂ ಔದಾರ್ಯದ ಒಂದು ಬಗೆಯೇ.

ಕೊರಿಯಾದ ಡೇರೆಗಳು

ಸಹೋದರರೇ, ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ದೊಡ್ಡ ಕೆಲಸವು ಗುಂಡು ಹಾರಿಸದೆ ಮಾಡಿದ ಕೆಲಸವಾಗಿದೆ.

1953ರ ಅಕ್ಟೋಬರ್ 1ರಂದು ನಮ್ಮ ಈ ತಾಲೂಕುಗಳು ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಯಾವ ಊರು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಬಳ್ಳಾರಿ ಸೀಮೆಯ ಜನರನ್ನು ಬಹಳ ವರ್ಷ ಕಾಡಿತ್ತು. ಹರಪನಹಳ್ಳಿಯವರಿಗಂತೂ ಇದು ಚೆನ್ನಾಗಿ ಗೊತ್ತು. 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಎಂದು ಅವರು ಕೂತಲ್ಲಿಂದ ಏಳದೆಯೇ ಮೂರು ಜಿಲ್ಲೆಗಳನ್ನು ಕಂಡಿದ್ದಾರೆ. ನಮ್ಮದು ಕಾಗದದ ಮೇಲಿನ ಬದಲಾವಣೆ, ಮನೆಮಾರು ಅಲ್ಲಿಯೇ ಉಳಿದವು. ಆದರೆ ಅದೇ 1953ರ ಶರತ್ಕಾಲದಲ್ಲಿ ದೂರದ ಕೊರಿಯಾದಲ್ಲಿ 22 ಸಾವಿರಕ್ಕೂ ಮಿಕ್ಕಿದ ಯುದ್ಧ ಕೈದಿಗಳ ಮುಂದೆ ಇದೇ ಪ್ರಶ್ನೆಯು ಜೀವನ ಮರಣದ ಪ್ರಶ್ನೆಯಾಗಿ ನಿಂತಿತ್ತು. ನಾನು ಯಾವ ದೇಶಕ್ಕೆ ಹೋಗಲಿ?

ಇವರು ಉತ್ತರ ಕೊರಿಯಾ ಮತ್ತು ಚೀನಾದ ಸೈನಿಕರು, ಅಮೇರಿಕದ ನಾಯಕತ್ವದ ಪಡೆಗಳಿಗೆ ಸೆರೆಸಿಕ್ಕವರು, ಊರಿಗೆ ಮರಳಲು ಒಪ್ಪದವರು. ಅವರ ನಿರಾಕರಣೆ ಸ್ವಂತ ಇಚ್ಛೆಯೋ, ಬಲವಂತವೋ ಎಂಬ ವಿವಾದದಿಂದಲೇ ಕದನವಿರಾಮವು ತಿಂಗಳುಗಟ್ಟಲೆ ತಡವಾಗಿತ್ತು. ಕೊನೆಗೆ ಐದು ತಟಸ್ಥ ದೇಶಗಳ ಆಯೋಗವೊಂದನ್ನು ನೇಮಿಸಲಾಯಿತು. ಸ್ವೀಡನ್, ಸ್ವಿಟ್ಸರ್ಲೆಂಡ್ ಒಂದು ಕಡೆಗೆ ವಾಲಿದರೆ ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆಗೆ. ನಡುವೆ ಭಾರತ. ಅಧ್ಯಕ್ಷರು ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಹೋದ ಭಾರತೀಯ ಪಡೆಯ ನಾಯಕರು, ಬರ್ಮಾದಲ್ಲಿ ಜೊತೆಗಿದ್ದ ಅದೇ ಥೋರಟ್. ದಕ್ಷಿಣ ಕೊರಿಯಾದ ಅಧ್ಯಕ್ಷರು ಭಾರತೀಯ ಸೈನಿಕರು ತಮ್ಮ ನೆಲವನ್ನು ತುಳಿಯಲೂ ಒಪ್ಪಲಿಲ್ಲ. ಆದ್ದರಿಂದ ನಮ್ಮವರನ್ನು ಬಂದರಿನಿಂದ ಹೆಲಿಕಾಪ್ಟರುಗಳಲ್ಲಿಯೇ ಗಡಿಪ್ರದೇಶಕ್ಕೆ ಸಾಗಿಸಬೇಕಾಯಿತು. ಅಲ್ಲಿ ಅವರಿಗೆ ಕಾದಿದ್ದುದು ಎರಡೂ ಕಡೆಯವರ ಸಂಶಯವೇ.

ಕೈದಿಗಳ ಆವರಣಗಳಲ್ಲಿ ಬಲಿಷ್ಠ ಮುಖಂಡರಿದ್ದರು. ಸಾಲಿನಲ್ಲಿ ಎಲ್ಲರೂ ಒಂದೇ ಘೋಷಣೆ ಕೂಗುತ್ತಿದ್ದರು. ಊರಿಗೆ ಹೋಗಬೇಕೆಂದು ಬಾಯಿಬಿಟ್ಟವನಿಗೆ ರಾತ್ರಿ ಹೊಡೆತ, ಕೆಲವೊಮ್ಮೆ ಸಾವು. ಹೀಗಿರುತ್ತಾ ಒಬ್ಬನ ನಿಜವಾದ ಇಚ್ಛೆಯನ್ನು ಅರಿಯುವುದು ಹೇಗೆ? ಅದಕ್ಕೆ ಮಾಡಿದ್ದ ಏರ್ಪಾಡು ಗಮನಾರ್ಹವಾಗಿತ್ತು. ಪ್ರತಿಯೊಬ್ಬನನ್ನೂ ಒಬ್ಬೊಬ್ಬನಾಗಿ ಡೇರೆಯೊಳಗೆ ಕರೆತರುವುದು. ಅವನ ದೇಶದ ಪ್ರತಿನಿಧಿಗಳು ತಮ್ಮ ಮಾತನ್ನು ಅವನಿಗೆ ಹೇಳುವುದು. ಡೇರೆಗೆ ಹೊರಹೋಗಲು ಎರಡು ಬಾಗಿಲುಗಳು: ಒಂದು ಸ್ವದೇಶದ ಕಡೆಗೆ, ಇನ್ನೊಂದು ಮರಳಿ ಆವರಣದ ಕಡೆಗೆ. ಅವನು ಯಾವುದರಿಂದ ಹೋಗುತ್ತಾನೋ ಅದೇ ಅವನ ಉತ್ತರ. ಗುಂಪಿನಿಂದ ಬೇರ್ಪಟ್ಟು ಕೆಲವು ನಿಮಿಷಗಳ ಮಟ್ಟಿಗಾದರೂ ಅವನು ತಾನಾಗಿರಬಹುದಿತ್ತು.

ಹೆಚ್ಚಿನ ಕೈದಿಗಳು ಡೇರೆಗೆ ಬರಲೇ ಒಪ್ಪಲಿಲ್ಲ. ಬಲವಂತದಿಂದ ಎಳೆದು ತನ್ನಿರಿ ಎಂಬ ಒತ್ತಡ ಒಂದು ಕಡೆಯಿಂದ. ಬಲ ಪ್ರಯೋಗಿಸಿದರೆ ನೂರಾರು ಜನರು ಸಾಯುವುದು ಖಚಿತವಿತ್ತು. ಬಂದೂಕುಗಳಿದ್ದೂ ಭಾರತೀಯರು ಬಲ ಪ್ರಯೋಗಿಸಲಿಲ್ಲ. ಹಾಗೆಂದು ಊರಿಗೆ ಮರಳಬೇಕೆಂದು ಬೇಲಿ ಹಾರಿ ಓಡಿಬಂದವರನ್ನು ಕೈಬಿಡಲೂ ಇಲ್ಲ, ಅವರನ್ನು ರಕ್ಷಿಸಿ ಕಳುಹಿಸಿಕೊಟ್ಟರು. ಅತ್ತಲೂ ಬೇಡ, ಇತ್ತಲೂ ಬೇಡ ಎಂದವರು ಎಂಬತ್ತಕ್ಕೂ ಹೆಚ್ಚು ಮಂದಿ. ಎರಡೂ ಬಣಗಳಿಗೆ ಬೇಡವಾದ ಅವರನ್ನು 1954ರಲ್ಲಿ ಭಾರತಕ್ಕೆ ಕರೆತರಲಾಯಿತು. ಎರಡು ಕಡೆಯ ಬೈಗುಳಗಳೂ ತಿಮ್ಮಯ್ಯನವರಿಗೆ ದೊರೆತವು. ಈ ಅನುಭವವನ್ನು ಅವರು ಬರೆದಿಟ್ಟರು, ಅದು ಅವರ ಮರಣಾನಂತರ ಪುಸ್ತಕವಾಗಿ ಬಂತು. ಭಾರತ ಸರಕಾರವು 1954ರಲ್ಲಿ ಅವರಿಗೆ ಪದ್ಮಭೂಷಣವನ್ನು ನೀಡಿತು.

ರಾಜೀನಾಮೆ ಪತ್ರ

1957ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. 1958ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದಲ್ಲಿ, ಪಂಜಾಬಿನಲ್ಲಿ ಅವರೊಂದಿಗೆ ಕೆಲಸ ಮಾಡಿದ್ದ ಅಯೂಬ್ ಖಾನರು ಅಧಿಕಾರವನ್ನು ಕೈಗೆತ್ತಿಕೊಂಡರು. ಮರುವರ್ಷ ಇಲ್ಲಿಯೂ ಬಿಕ್ಕಟ್ಟು ತಲೆದೋರಿತು. ರಕ್ಷಣಾ ಸಚಿವ ಕೃಷ್ಣ ಮೆನನ್‌ರವರ ಕಾರ್ಯವೈಖರಿ, ಬಡ್ತಿಗಳಲ್ಲಿನ ಹಸ್ತಕ್ಷೇಪಗಳಿಂದ ಬೇಸತ್ತ ತಿಮ್ಮಯ್ಯನವರು 1959ರ ಆಗಸ್ಟ್ 31ರಂದು ರಾಜೀನಾಮೆ ಪತ್ರ ಬರೆದರು. ಪ್ರಧಾನಿ ನೆಹರೂ ಕರೆಸಿ ಮನವೊಲಿಸಿದ ಮೇಲೆ ಅದನ್ನು ಹಿಂತೆಗೆದುಕೊಂಡರು. ಸಂಸತ್ತಿನಲ್ಲಿ ನೆಹರೂರವರು ಈ ವಿಷಯವನ್ನು ಹಗುರಗೊಳಿಸಿ ಮಾತನಾಡಿದಾಗ ಅವಮಾನವನ್ನು ನುಂಗಿಕೊಂಡರು.

ರಾಜೀನಾಮೆಯನ್ನು ಹಿಂತೆಗೆದುಕೊಂಡದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಇದೆ. ನನಗೆ ಮುಖ್ಯವೆನಿಸುವುದು ಬೇರೆ. ಸಿಪಾಯಿಗಳ ಅಪಾರ ಪ್ರೀತಿ ಗಳಿಸಿದ್ದ ಸೇನಾಪತಿಯು ಸಚಿವರ ಮೇಲೆ ಸಿಟ್ಟುಗೊಂಡಾಗ ಕೈಗೆತ್ತಿಕೊಂಡದ್ದು ಲೇಖನಿಯನ್ನು. ನೆರೆಯ ದೇಶದಲ್ಲಿ ಸೇನಾಪತಿಯು ಕೈಗೆತ್ತಿಕೊಂಡದ್ದು ದೇಶವನ್ನೇ. ಎರಡೂ ದೇಶಗಳು ಆ ಬಳಿಕ ನಡೆದ ದಾರಿಗಳನ್ನು ನಾವು ಕಂಡಿದ್ದೇವೆ. ಮಿಲಿಟರಿಯ ಕೈಗೆ ಕೊಟ್ಟರೆ ದೇಶ ಸರಿಹೋಗುತ್ತದೆ ಎಂದು ಚಹಾದಂಗಡಿಗಳಲ್ಲಿ ಹೇಳುವವರು ಇದನ್ನು ನೆನಪಿಸಿಕೊಳ್ಳಬೇಕು.

ನಿವೃತ್ತರಾದ ಮೇಲೆ, 1962ರ ಜುಲೈಯಲ್ಲಿ, ಅವರು 'ಸೆಮಿನಾರ್' ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದರು. ಭಾರತವು ಒಬ್ಬಂಟಿಯಾಗಿ ಚೀನಾದೊಂದಿಗೆ ಪೂರ್ಣ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾನು ಊಹಿಸಲಾರೆ, ಅದನ್ನು ರಾಜಕಾರಣಿಗಳೂ ರಾಜತಾಂತ್ರಿಕರೂ ಬಗೆಹರಿಸಬೇಕು ಎಂಬುದು ಅದರ ಆಶಯವಾಗಿತ್ತು. ಯುದ್ಧದ ಕೂಗು ಏರುತ್ತಿದ್ದ ಕಾಲದಲ್ಲಿ ಹೀಗೆ ಬರೆಯಲು ಎದೆಗಾರಿಕೆ ಬೇಕು. ಮೂರೇ ತಿಂಗಳಲ್ಲಿ ಯುದ್ಧವಾಯಿತು. ಫಲಿತಾಂಶವೇನೆಂದು ನಿಮಗೆ ಗೊತ್ತಿದೆ.

ಸೈಪ್ರಸ್‌ನ ಹಸಿರು ರೇಖೆ

ಕಾಫಿ ತೋಟದ ನೆಮ್ಮದಿಯಲ್ಲಿ ಇರಬಹುದಾಗಿದ್ದ ಅವರು 1964ರ ಜುಲೈಯಲ್ಲಿ ವಿಶ್ವಸಂಸ್ಥೆಯ ಶಾಂತಿ ಪಡೆಯ ದಂಡನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ತೆರಳಿದರು. 1960ರಲ್ಲಿ ಸ್ವತಂತ್ರವಾದ ಆ ದ್ವೀಪದಲ್ಲಿ ಗ್ರೀಕ್ ಕ್ರೈಸ್ತರು ಬಹುಸಂಖ್ಯಾತರು. ನೂರಕ್ಕೆ ಸುಮಾರು ಹದಿನೆಂಟರಷ್ಟಿದ್ದ ತುರ್ಕಿ ಮುಸ್ಲಿಮರು ಅಲ್ಪಸಂಖ್ಯಾತರು. 1963ರ ಡಿಸೆಂಬರ್‌ನಲ್ಲಿ ಗಲಭೆಗಳು ಭುಗಿಲೆದ್ದವು. ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಬ್ರಿಟಿಷ್ ಅಧಿಕಾರಿಯೊಬ್ಬರು ಹಸಿರು ಪೆನ್ಸಿಲಿನಿಂದ ಗೆರೆ ಎಳೆದರು. ಅದಕ್ಕೆ 'ಹಸಿರು ರೇಖೆ' ಎಂಬ ಹೆಸರೇ ಉಳಿಯಿತು. ಸಾವಿರಾರು ತುರ್ಕಿ ಕುಟುಂಬಗಳು ಹಳ್ಳಿಗಳನ್ನು ಬಿಟ್ಟು ಸಣ್ಣ ಸಣ್ಣ ಪ್ರದೇಶಗಳಲ್ಲಿ ಒತ್ತೊತ್ತಾಗಿ ನೆಲೆಸಿದವು. ಅಲ್ಲಿಗೆ ಹೋಗುವ ಸಾಮಗ್ರಿಗಳಿಗೆ ನಿರ್ಬಂಧ. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವ ಅಧಿಕಾರ ಶಾಂತಿ ಪಡೆಗಿರಲಿಲ್ಲ. ಮಾತುಕತೆಯಿಂದ, ತಾಳ್ಮೆಯಿಂದ, ದಾರಿಯಲ್ಲಿ ಕಾವಲು ನಿಂತು ಎಲ್ಲವನ್ನೂ ಸಾಧಿಸಬೇಕಿತ್ತು.

ಒಂದು ಸಂಗತಿಯನ್ನು ಗಮನಿಸಿರಿ. ಒಂದು ಕಡೆ ದಿಗ್ಬಂಧನದಲ್ಲಿದ್ದ ತುರ್ಕಿಗಳಿಗೆ ಅಗತ್ಯ ವಸ್ತುಗಳು ತಲುಪುವಂತೆ ಶಾಂತಿ ಪಡೆಯು ಮಾತುಕತೆ ನಡೆಸುತ್ತಿತ್ತು. ಇನ್ನೊಂದು ಕಡೆ ನಿಕೋಸಿಯಾದಿಂದ ಕೈರೀನಿಯಾಕ್ಕೆ ಹೋಗುವ ರಸ್ತೆಯು ತುರ್ಕಿಗಳ ಹಿಡಿತದಲ್ಲಿತ್ತು. ಆ ರಸ್ತೆಯಲ್ಲಿ ಗ್ರೀಕರ ವಾಹನಗಳನ್ನು ಅದೇ ಪಡೆಯು ಕಾವಲು ಕೊಟ್ಟು ದಾಟಿಸುತ್ತಿತ್ತು. ಒಂದೆಡೆ ಬಲಹೀನನಾದವನು ಇನ್ನೊಂದೆಡೆ ಬಲಶಾಲಿ. ಆದ್ದರಿಂದ ಕಾಯುವವನು ಜನರ ಗುಂಪನ್ನು ನೋಡಬಾರದು, ಆ ಹೊತ್ತಿಗೆ ಅಲ್ಲಿ ದುರ್ಬಲನು ಯಾರೆಂದು ನೋಡಬೇಕು. ಪಂಜಾಬಿನಲ್ಲಿ ಕಲಿತ ಪಾಠವೇ ಸೈಪ್ರಸ್‌ನಲ್ಲಿ ಅವರ ಕೈಹಿಡಿಯಿತು.

1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಅವರು ಹೃದಯಾಘಾತದಿಂದ ಸೈಪ್ರಸ್‌ನಲ್ಲಿ ನಿಧನ ಹೊಂದಿದರು. ಮರುವರ್ಷ ಆ ದೇಶವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಅಲ್ಲಿನ ಲಾರ್ನಕಾ ನಗರದಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ. ಮಡಿಕೇರಿಯಲ್ಲಿ ಅವರು ಬೆಳೆದ 'ಸನ್ನಿ ಸೈಡ್' ಮನೆಯು ಮಾತ್ರ ಬಹುಕಾಲ ಸಾರಿಗೆ ಇಲಾಖೆಯ ಕಛೇರಿಯಾಗಿತ್ತು. ಕೊನೆಗೂ ಅದು ವಸ್ತುಸಂಗ್ರಹಾಲಯವಾಗಿ, 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್‌ರಿಂದ ಉದ್ಘಾಟನೆಗೊಂಡಿತು.

ನೆನಪು ಪೂಜೆಯಾಗದಿರಲಿ

ತಿಮ್ಮಯ್ಯನವರು ತಪ್ಪಿಗೆ ಅತೀತರೆಂದು ನಾನು ಹೇಳುತ್ತಿಲ್ಲ. 1956ರಲ್ಲಿ ನಾಗಾ ಬಂಡಾಯದ ವಿರುದ್ಧ ಸೇನೆಯು ಕಾರ್ಯಾಚರಣೆ ನಡೆಸಿದಾಗ ಆ ಭಾಗದ ದಂಡನಾಯಕರು ಅವರೇ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಬಂದ 1958ರಲ್ಲಿ ಸೇನೆಯ ಮುಖ್ಯಸ್ಥರೂ ಅವರೇ. ಆ ಬೆಟ್ಟಗಳ ಜನರು ಅನುಭವಿಸಿದ ಸಂಕಟವನ್ನು ಮರೆಮಾಚಿ 'ಉದಾರಿ' ಎಂದರೆ ಅದು ನ್ಯಾಯವಲ್ಲ. ಒಳ್ಳೆಯ ಮನುಷ್ಯನ ಕೈಗೆ ಕೊಟ್ಟರೂ ಅಂಕೆಯಿಲ್ಲದ ಅಧಿಕಾರವು ಅಪಾಯಕಾರಿಯೇ. ಅವರ ಬದುಕಿನ ಈ ಭಾಗವೂ ನಮಗೆ ಪಾಠವಾಗಬೇಕು.

ಹಾಗಾದರೆ ಇಲ್ಲಿಂದ ನಾವು ಏನನ್ನು ಮನೆಗೆ ಒಯ್ಯಬೇಕು? ಸೇನಾಪತಿಯ ಅಧಿಕಾರ ನಮಗ್ಯಾರಿಗೂ ಇಲ್ಲ, ನಿಜ. ಆದರೆ ಇಲ್ಲಿ ಕುಳಿತಿರುವ ಪ್ರತಿಯೊಬ್ಬರ ಕೈಯಲ್ಲಿಯೂ ಸಣ್ಣದೊಂದು ಅಧಿಕಾರವಿದೆ. ಅಂಗಡಿಯಲ್ಲಿ ಕೆಲಸದ ಹುಡುಗನ ಮೇಲೆ, ಜಮಾಅತ್ ಕಮಿಟಿಯಲ್ಲಿ ಬಡವನ ಅರ್ಜಿಯ ಮೇಲೆ, ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ. ಕೊರಿಯಾದ ಡೇರೆಯನ್ನು ಇನ್ನೊಮ್ಮೆ ಕಣ್ಣಮುಂದೆ ತಂದುಕೊಳ್ಳಿರಿ. ನಿಕಾಹ್‌ಗೆ ಮುನ್ನ ಹುಡುಗಿಯ ಒಪ್ಪಿಗೆ ಪಡೆಯಬೇಕೆಂಬ ನಿಯಮ ನಮ್ಮಲ್ಲಿದೆ, ಎಷ್ಟು ಸುಂದರವಾದ ನಿಯಮ! ಆದರೆ ನಾವು ಕೇಳುವುದು ಯಾವಾಗ? ಛತ್ರ ಗೊತ್ತಾಗಿ, ಕಾರ್ಡು ಹಂಚಿ, ಬಿರಿಯಾನಿಗೆ ದಮ್ ಹಾಕಿದ ಮೇಲೆ, ಹತ್ತು ಜನ ಅತ್ತೆ-ಚಿಕ್ಕಮ್ಮಂದಿರ ನಡುವೆ ತಲೆತಗ್ಗಿಸಿ ಕುಳಿತವಳನ್ನು ಕೇಳುತ್ತೇವೆ. ಆ ಡೇರೆಗೆ ಬಾಗಿಲು ಒಂದೇ. ಅವಳ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುತ್ತೇವೆ. ಎರಡನೆಯ ಬಾಗಿಲು ನಿಜವಾಗಿ ತೆರೆದಿರುವಾಗ, ಮಾತು ಇನ್ನೂ ಹೊರಗೆ ಹೋಗದಿರುವಾಗ, ತಾಯಿ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಬಾರದೇ? ಮಗ ಐಟಿಐಗೆ ಹೋಗಬೇಕೋ, ಅಂಗಡಿಗೆ ಕೂರಬೇಕೋ ಎಂಬುದನ್ನು ಚಾಚಾ, ಮಾಮುಗಳ ಮುಂದೆ ಕೇಳುವ ಬದಲು ಅವನೊಬ್ಬನನ್ನೇ ಕೇಳಬಾರದೇ?

ಇನ್ನೊಂದು ಕೆಲಸವು ಯುವಕರದ್ದು. ಸೈನ್ಯದಿಂದ ನಿವೃತ್ತರಾಗಿ ಬಂದ ಹಿರಿಯರು, ಎಲ್ಲ ಸಮುದಾಯಗಳವರು, ಈ ತಾಲೂಕುಗಳಲ್ಲಿ ಇದ್ದಾರೆ. ಮೊಹಲ್ಲಾದಲ್ಲಿ ಅವರು 'ಫೌಜಿ ಚಾಚಾ', ಓಣಿಯಲ್ಲಿ 'ಮಿಲ್ಟ್ರಿ ಅಜ್ಜ'. ಪಿಂಚಣಿಯ ದಿನ ಬ್ಯಾಂಕಿನಲ್ಲಿ ಅವರನ್ನು ಕಾಣುತ್ತೇವೆ, ಅಷ್ಟೇ. ಅವರು ಯಾವ ಬೆಟ್ಟದ ಮೇಲಿದ್ದರು, ಯಾರೊಂದಿಗೆ ರೊಟ್ಟಿ ಹಂಚಿಕೊಂಡರು, ಯಾರನ್ನು ಕಳೆದುಕೊಂಡರು ಎಂದು ಯಾರೂ ಕೇಳಿಲ್ಲ. ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಮುಂದಿನ ಭಾನುವಾರ ಅವರ ಹತ್ತಿರ ಕುಳಿತು ಮಾತನ್ನು ದಾಖಲಿಸಿಕೊಳ್ಳಿರಿ, ಡಿಸ್ಚಾರ್ಜ್ ಪುಸ್ತಕದ ಫೋಟೋ ತೆಗೆದಿಡಿರಿ. ಮಡಿಕೇರಿಯ ಆ ಮನೆಯು ವಸ್ತುಸಂಗ್ರಹಾಲಯವಾಗಲು ಜನರಲ್ ಸತ್ತ ಬಳಿಕ 55 ವರ್ಷಗಳು ಬೇಕಾದವು. ಸಾಮಾನ್ಯ ಸಿಪಾಯಿಯ ನೆನಪಿಗೆ ಅಷ್ಟು ಆಯುಷ್ಯವಿರುವುದಿಲ್ಲ.

ಆ ಹಿರಿಯರನ್ನು ಮಾತನಾಡಿಸುವಾಗ ಅವರು ಯಾವ ಸಮುದಾಯದವರೆಂದು ಪಟ್ಟಿ ಮಾಡಲು ಹೋಗಬೇಡಿರಿ. ನಮ್ಮ ನಿಷ್ಠೆಗೆ ಸಾಕ್ಷಿ ಹೇಳಿಸಲು ಅವರನ್ನು ಬಳಸಿಕೊಳ್ಳುವುದೂ ಬೇಡ. ಮನುಷ್ಯನೊಬ್ಬನ ಬದುಕನ್ನು ಅವನದಾಗಿಯೇ ಕೇಳಿಸಿಕೊಳ್ಳುವುದು ಅವನಿಗೆ ನಾವು ಸಲ್ಲಿಸಬಹುದಾದ ಗೌರವವಾಗಿದೆ.